ಅತಿಥಿ ಕಲಾವಿದರು ಮತ್ತು ಒಂದು ರಾತ್ರಿಯ ಧ್ವನಿಸುರುಳಿ

(ಕುಂಭಾಶಿಯಲ್ಲಿ ಯಕ್ಷಗಾನ ಕಲಾಭಿಮಾನಿಗಳ ಎದುರು ನೀಡಿದ ಉಪನ್ಯಾಸದ ಲಿಖಿತ ರೂಪ)



ಆನೆಗುಡ್ಡೆಯ ವಿನಾಯಕನ ಸನ್ನಿಧಿಯ ಈ ಊರಿನಲ್ಲಿ ಅಮೆರಿಕದ ಬ್ಲೂಸ್-ರಾಕ್ ಸಂಗೀತದ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಗಿಟಾರಿಗೂ ಚೆಂಡೆಗೂ ಏನು ನಂಟು? ನಂಟು ವಾದ್ಯದಲ್ಲಿಲ್ಲ, ರಾತ್ರಿಯಲ್ಲಿದೆ. ಎದುರಿಗೆ ಜನ ಕುಳಿತಿರುವಾಗ, ಮೊದಲೇ ಬರೆದಿಟ್ಟ ಸ್ವಲ್ಪ ಸಾಹಿತ್ಯವನ್ನು ಹಿಡಿದುಕೊಂಡು, ಆ ಹೊತ್ತಿಗೆ ಹೊಳೆದದ್ದನ್ನು ಬೆಳೆಸುತ್ತ ಬೆಳಗು ಮಾಡುವ ಕಲೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ನಮ್ಮ ಯಕ್ಷಗಾನ ಅಂಥದೊಂದು. ಬ್ಲೂಸ್ ಕೂಡ ಆ ಜಾತಿಗೇ ಸೇರಿದ್ದು. ಎರಡರಲ್ಲಿಯೂ ‘ಅತಿಥಿ ಕಲಾವಿದರು’ ಎಂಬವರುಂಟು. ಎರಡನ್ನೂ ಜನ ಧ್ವನಿಮುದ್ರಿಸಿಕೊಂಡಿದ್ದಾರೆ. ಎರಡರಲ್ಲಿಯೂ ಆ ಮುದ್ರಣ ಕಲಾವಿದನಿಗಿಂತ ಹೆಚ್ಚು ಕಾಲ ಬದುಕಿದ ಉದಾಹರಣೆಗಳಿವೆ.

ಆದ್ದರಿಂದ ಈ ಹೊತ್ತಿನ ವಿಷಯ ಇಷ್ಟೇ: ಹೊರಗಿನಿಂದ ಬಂದ ಕಲಾವಿದ ಒಂದು ರಾತ್ರಿಯ ಕಲಾಪಕ್ಕೆ ಏನನ್ನು ಕೊಡುತ್ತಾನೆ? ಆ ರಾತ್ರಿಯನ್ನು ಸುರುಳಿಗೆ ಇಳಿಸಿದಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ? ಉಳಿದದ್ದು ಯಾರಿಗೆ ಸೇರಬೇಕು?

ಹನ್ನೆರಡು ಎಣಿಕೆಯ ಹಾಡು

ಮೊದಲು ಬ್ಲೂಸ್ ಎಂದರೇನೆಂದು ನೋಡೋಣ. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ಜನರ ನಡುವೆ, ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ರೂಪುಗೊಂಡ ಹಾಡುಗಾರಿಕೆ ಇದು. ಗುಲಾಮಗಿರಿ ಕಾಗದದ ಮೇಲೆ ಮುಗಿದಿತ್ತು, ಬದುಕಿನಲ್ಲಿ ಮುಗಿದಿರಲಿಲ್ಲ. ಆ ಸಂಕಟ, ಅದರ ನಡುವಿನ ತಮಾಷೆ, ಪ್ರೀತಿ, ಊರು ಬಿಟ್ಟು ಹೋಗುವ ದುಃಖ ಎಲ್ಲವೂ ಈ ಹಾಡುಗಳಲ್ಲಿ ಬಂತು.

ಇದರ ಕಟ್ಟೋಣ ಬಹಳ ಸರಳ. ಸಾಮಾನ್ಯವಾಗಿ ಒಂದು ನುಡಿಗೆ ಹನ್ನೆರಡು ಘಟಕಗಳ ಲೆಕ್ಕ, ಮೂರು ಸ್ವರಮೇಳಗಳ ಆಧಾರ. ಮೊದಲ ಸಾಲನ್ನು ಒಮ್ಮೆ ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು. ಹಾಡುಗಾರ ಒಂದು ಮಾತು ಹೇಳಿದರೆ ಗಿಟಾರು ಅದಕ್ಕೆ ಮಾರುತ್ತರ ಕೊಡುತ್ತದೆ. ಈ ಚೌಕಟ್ಟು ಎಲ್ಲರಿಗೂ ಗೊತ್ತು. ಹೀಗಾಗಿ ಹಿಂದೆಂದೂ ಭೇಟಿಯಾಗದ ಇಬ್ಬರು ಬ್ಲೂಸ್ ವಾದಕರು ಒಂದೇ ವೇದಿಕೆಯ ಮೇಲೆ ನಿಂತು, ಶ್ರುತಿ ಯಾವುದೆಂದು ಕೇಳಿಕೊಂಡು, ಆ ಕ್ಷಣವೇ ನುಡಿಸಲು ತೊಡಗಬಹುದು.

ಯಕ್ಷಗಾನದ ಅಭಿಮಾನಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಸಂಗದ ಪದ್ಯ ಅಚ್ಚಾಗಿದೆ. ಏಕ, ಅಷ್ಟ, ಝಂಪೆ, ರೂಪಕ, ತ್ರಿವುಡೆ ಎಂಬ ತಾಳಗಳ ಲೆಕ್ಕ ನಿಂತಿದೆ. ಪದ್ಯವನ್ನು ಎತ್ತುವ ಬಗೆ, ಬಿಡ್ತಿಗೆ, ಮುಕ್ತಾಯ ಎಲ್ಲವೂ ಪರಂಪರೆಯಿಂದ ಬಂದದ್ದು. ಆದರೆ ಅರ್ಥ ಮಾತ್ರ ಬಾಯಿಂದ ಆಗಲೇ ಹುಟ್ಟಬೇಕು. ಹಾರಾಡಿಯ ಶೈಲಿಯಲ್ಲಿ ಪಳಗಿದ ವೇಷಧಾರಿ, ಮಟಪಾಡಿಯ ಶೈಲಿಯಲ್ಲಿ ಪಳಗಿದ ಇನ್ನೊಬ್ಬ, ಅಭ್ಯಾಸವೇ ಇಲ್ಲದೆ ಒಂದೇ ರಂಗಸ್ಥಳದಲ್ಲಿ ಎದುರಾದರೂ ಆಟ ನಡೆದುಹೋಗುತ್ತದೆ. ನಿಯಮ ಗಟ್ಟಿಯಾಗಿರುವುದರಿಂದಲೇ ಈ ಸ್ವಾತಂತ್ರ್ಯ ಸಾಧ್ಯ.

ಬ್ಲೂಸ್ ಹಳ್ಳಿಯಿಂದ ಪಟ್ಟಣಕ್ಕೆ ಹೋದ ಕಥೆಯೂ ಸ್ವಾರಸ್ಯಕರ. ಮಡ್ಡಿ ವಾಟರ್ಸ್ ಎಂಬ ಗಾಯಕ ಮಿಸಿಸಿಪ್ಪಿಯ ಹತ್ತಿ ತೋಟವೊಂದರಲ್ಲಿ ದುಡಿಯುತ್ತಿದ್ದಾಗ, 1941ರಲ್ಲಿ, ಅಲನ್ ಲೋಮ್ಯಾಕ್ಸ್ ಎಂಬ ಜಾನಪದ ಸಂಗ್ರಾಹಕರು ಅಮೆರಿಕದ ಸಂಸತ್ತಿನ ಗ್ರಂಥಾಲಯದ ಪರವಾಗಿ ಬಂದು ಅವರ ಹಾಡನ್ನು ಮುದ್ರಿಸಿಕೊಂಡರು. ಎರಡು ವರ್ಷಗಳ ಬಳಿಕ ವಾಟರ್ಸ್ ಶಿಕಾಗೋ ನಗರಕ್ಕೆ ಹೋದರು. ಗದ್ದಲದ ಹೋಟೆಲುಗಳಲ್ಲಿ ಸಾದಾ ಗಿಟಾರಿನ ದನಿ ಕೇಳಿಸದು. ಅವರು ವಿದ್ಯುತ್ ಗಿಟಾರು ಹಿಡಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ಮತ್ತು ಅಮೆರಿಕದ ಬಿಳಿಯ ಯುವಕರು ಇವರ ತಟ್ಟೆಗಳನ್ನು ಕೇಳಿ ಕೇಳಿ ಕಲಿತು, ಅದಕ್ಕೆ ತಮ್ಮ ರಭಸವನ್ನು ಸೇರಿಸಿದರು. ಅದೇ ಬ್ಲೂಸ್-ರಾಕ್. 2003ರಲ್ಲಿ ಬೆಂಗಳೂರಿಗೆ ಬಂದು ಹಾಡಿದ ರೋಲಿಂಗ್ ಸ್ಟೋನ್ಸ್ ತಂಡದ ಹೆಸರೇ ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದ ಬಂದದ್ದು.

ಬೆಳಗಾಗುವವರೆಗೆ ನಡೆದ ಕಛೇರಿ

ಈ ಪ್ರಕಾರದಲ್ಲಿ, ಸಭಿಕರ ಎದುರಿನಲ್ಲೇ ಮುದ್ರಿಸಿದ ಸಂಕಲನಗಳ ಪೈಕಿ ಮೊದಲ ಸಾಲಿನಲ್ಲಿ ನಿಲ್ಲುವುದು ಆಲ್ಮನ್ ಬ್ರದರ್ಸ್ ಬ್ಯಾಂಡಿನ ‘ಅಟ್ ಫಿಲ್ಮೋರ್ ಈಸ್ಟ್’. ನ್ಯೂಯಾರ್ಕ್ ನಗರದ ಫಿಲ್ಮೋರ್ ಈಸ್ಟ್ ಎಂಬ ರಂಗಮಂದಿರದಲ್ಲಿ 1971ರ ಮಾರ್ಚ್ ತಿಂಗಳಲ್ಲಿ ಮುದ್ರಣಗೊಂಡು, ಅದೇ ವರ್ಷದ ಜುಲೈಯಲ್ಲಿ ಎರಡು ತಟ್ಟೆಗಳ ಜೋಡಿಯಾಗಿ ಹೊರಬಂತು. ಇರುವುದು ಏಳೇ ಹಾಡು. ಕೊನೆಯ ಹಾಡೊಂದೇ ಸುಮಾರು 23 ನಿಮಿಷ, ತಟ್ಟೆಯ ಒಂದಿಡೀ ಮಗ್ಗುಲು. ಮೂರು ನಿಮಿಷದ ಹಾಡನ್ನೇ ಬಯಸುತ್ತಿದ್ದ ಆಗಿನ ರೇಡಿಯೋಗಳಿಗೆ ಇದು ಒಗ್ಗುವ ಸರಕಾಗಿರಲಿಲ್ಲ. ಆದರೂ ಜನ ಕೊಂಡು ಕೇಳಿದರು.

ಆ ತಂಡದಲ್ಲಿ ಇಬ್ಬರು ಗಿಟಾರು ವಾದಕರು, ಒಬ್ಬ ಬಾಸ್ ವಾದಕ, ಆರ್ಗನ್ ನುಡಿಸುತ್ತ ಹಾಡುವವನೊಬ್ಬ, ಜೊತೆಗೆ ಇಬ್ಬರು ಡ್ರಮ್ ವಾದಕರು. ಒಬ್ಬ ನಡೆಯನ್ನು ಹಿಡಿದು ನಿಲ್ಲಿಸಿದರೆ ಇನ್ನೊಬ್ಬ ಅದರ ಸುತ್ತ ಅಲಂಕಾರ ಮಾಡುತ್ತಿದ್ದ. ಮದ್ದಳೆ ಮತ್ತು ಚೆಂಡೆಯ ಸಂಬಂಧವನ್ನು ಬಲ್ಲವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ. ಕೊನೆಯ ರಾತ್ರಿ ಬಾಂಬ್ ಬೆದರಿಕೆಯಿಂದಾಗಿ ಕಛೇರಿ ತಡವಾಯಿತು. ಮುಗಿಯುವಾಗ ಬೆಳಗಿನ ಆರು ಗಂಟೆ. ಮಂಗಳ ಹಾಡಿ ಸಭಿಕರು ಮನೆಗೆ ಹೊರಡುವ ಹೊತ್ತು!

ಈ ಮುದ್ರಣಕ್ಕೆ ಅತಿಥಿಗಳು ಬಂದಿದ್ದರು. ಅವರ ಕಥೆಯಲ್ಲಿ ನಮಗೊಂದು ಪಾಠವಿದೆ. ತಂಡದ ನಾಯಕ ಡುಆನ್ ಆಲ್ಮನ್ ಮೊದಲಿಗೆ ಸ್ಯಾಕ್ಸೊಫೋನ್ ಮುಂತಾದ ಗಾಳಿವಾದ್ಯದವರನ್ನು ಕರೆತಂದರು. ಧ್ವನಿಮುದ್ರಣದ ಹೊಣೆ ಹೊತ್ತಿದ್ದ ಟಾಮ್ ಡೌಡ್ ಎಂಬವರಿಗೆ ಅದು ಸರಿಬರಲಿಲ್ಲ. ಶ್ರುತಿ ಕೂಡುತ್ತಿಲ್ಲ ಎಂಬುದು ಅವರ ತಕರಾರು. ಅವರು ಖಡಾಖಂಡಿತವಾಗಿ ಬೇಡವೆಂದರು, ಗಾಳಿವಾದ್ಯದವರು ಹೊರಗುಳಿದರು. ಥಾಮ್ ಡುಸೆಟ್ ಎಂಬ ಮೌತ್‌ಆರ್ಗನ್ ವಾದಕ ಮಾತ್ರ ಉಳಿದರು. ಡುಸೆಟ್ ಎಲ್ಲ ಹಾಡಿಗೂ ನುಡಿಸಿದವರಲ್ಲ. ಬೇಕಾದಲ್ಲಿ ಬಂದು, ಒಂದು ಮಾತು ಹೇಳಿ, ಹಿಂದೆ ಸರಿದವರು.

ಇನ್ನೊಂದು ಸಂಗತಿ. ಪ್ರತಿ ರಾತ್ರಿಯ ಕಛೇರಿ ಮುಗಿದ ಮೇಲೆ ತಂಡದವರು ಸ್ಟುಡಿಯೋಗೆ ಹೋಗಿ ಅಂದಿನ ಮುದ್ರಣವನ್ನು ಕೂತು ಕೇಳುತ್ತಿದ್ದರು. ಯಾವ ಹಾಡು ಸರಿಯಾಯಿತು, ಯಾವುದನ್ನು ಮರುದಿನ ಮತ್ತೆ ಹಾಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತಿತ್ತು. ಅಂದರೆ ಅದು ಕಣ್ಣುಮುಚ್ಚಿ ಹಿಡಿದ ಮುದ್ರಣವಲ್ಲ. ತಮ್ಮ ತಪ್ಪನ್ನು ತಾವೇ ಕೇಳುವ ತಾಳ್ಮೆ ಅದರ ಹಿಂದಿತ್ತು.

ಬಂದವರು ಮತ್ತು ಮನೆಯವರು

ಈಗ ನಮ್ಮ ರಂಗಸ್ಥಳಕ್ಕೆ ಬರೋಣ. ಆಟದ ಕರಪತ್ರದಲ್ಲಿ ‘ಅತಿಥಿ ಕಲಾವಿದರಾಗಿ’ ಎಂಬ ಒಂದು ಸಾಲು ಇದ್ದರೆ ಗದ್ದೆಯಲ್ಲಿ ಸೇರುವ ಜನ ಹೆಚ್ಚು. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಪೈಪೋಟಿಯಿಂದ ಆಡುತ್ತವೆ. ಕೂಡಾಟದಲ್ಲಿ ಬೇರೆ ಬೇರೆ ಮೇಳದವರು ಒಂದೇ ರಂಗಸ್ಥಳದಲ್ಲಿ ಕಲೆಯುತ್ತಾರೆ. ತೆಂಕು-ಬಡಗಿನ ಕೂಡಾಟವೂ ಉಂಟು. ಇತ್ತೀಚಿನ ದಶಕಗಳಲ್ಲಿ ಇಬ್ಬರು ಭಾಗವತರು ಸರದಿಯಂತೆ ಹಾಡುವ ದ್ವಂದ್ವ ಭಾಗವತಿಕೆ, ವೇಷವೇ ಇಲ್ಲದೆ ಹಿಮ್ಮೇಳವನ್ನಷ್ಟೇ ಕೂರಿಸುವ ಗಾನವೈಭವ ಜನಪ್ರಿಯವಾಗಿವೆ.

ಜನರಿಗೆ ಇದರಲ್ಲಿ ಕಾಣುವುದು ಸಂಭ್ರಮ. ಹಿಮ್ಮೇಳದವರಿಗೆ ಇದು ಕೆಲಸ. ಅತಿಥಿ ಭಾಗವತರ ಶ್ರುತಿ ಮೇಳದ ಭಾಗವತರ ಶ್ರುತಿಗಿಂತ ಏರು ಅಥವಾ ಇಳಿ ಇದ್ದೀತು. ಆಗ ಮದ್ದಳೆಗಾರ ಬೇರೆ ಮದ್ದಳೆಯನ್ನೇ ತೆಗೆದುಕೊಳ್ಳಬೇಕು, ಚೆಂಡೆಯ ಹುರಿಯನ್ನು ಬಿಗಿಯಬೇಕು. ಬಂದವರು ಪದ್ಯವನ್ನು ಎಲ್ಲಿ ಎತ್ತುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಯಾವ ಪದ್ಯ ಬಿಡುತ್ತಾರೆ ಎಂಬುದನ್ನು ಕಣ್ಣಿನಲ್ಲೇ ಓದಬೇಕು. ತೆಂಕಿನ ಭಾಗವತರ ಕೈಯಲ್ಲಿ ಜಾಗಟೆ, ಬಡಗಿನವರ ಕೈಯಲ್ಲಿ ತಾಳ. ಎರಡು ತಿಟ್ಟಿನ ಚೆಂಡೆಗಳ ನಾದವೇ ಬೇರೆ. ಎರಡನ್ನೂ ಒಟ್ಟಿಗೆ ಬಾರಿಸಿದರೆ ಮಾತ್ರಕ್ಕೆ ಕೂಡಾಟವಾಗುವುದಿಲ್ಲ. ಒಂದು ಇನ್ನೊಂದಕ್ಕೆ ಜಾಗ ಬಿಡಬೇಕು.

ಹಾಗಾದರೆ ಒಳ್ಳೆಯ ಅತಿಥಿ ಯಾರು? ಕಂಠ ದೊಡ್ಡದಿರುವವರೇ? ಹೆಸರು ದೊಡ್ಡದಿರುವವರೇ? ಫಿಲ್ಮೋರಿನ ಉದಾಹರಣೆ ಕೊಡುವ ಉತ್ತರ ಬೇರೆ. ಅತಿಥಿ ಬಂದ ಮೇಲೆ ಮನೆಯವರು ಮೊದಲಿಗಿಂತ ಚೆನ್ನಾಗಿ ನುಡಿಸಿದರೆ ಅವನು ಒಳ್ಳೆಯ ಅತಿಥಿ. ಅವನ ಗದ್ದಲದಲ್ಲಿ ಮನೆಯವರು ಮುದುಡಿ ಕುಳಿತರೆ, ಎಷ್ಟೇ ಚಪ್ಪಾಳೆ ಬಿದ್ದರೂ ಆ ರಾತ್ರಿ ಸೋತಂತೆ. ಭಾಗವತನೇ ಮೊದಲ ವೇಷಧಾರಿ ಎಂದು ಹಿರಿಯರು ಹೇಳುತ್ತ ಬಂದದ್ದಕ್ಕೆ ಕಾರಣವಿದೆ. ಆಟದ ನಡೆ ಅವನ ಕೈಯಲ್ಲಿದೆ. ಗಂಟೆಗೊಬ್ಬರಂತೆ ಭಾಗವತರು ಬದಲಾಗುತ್ತ ಹೋದರೆ ರಾತ್ರಿಯ ಏರುವಿಕೆ ತುಂಡಾಗುತ್ತದೆ. ಮೊದಲು ಸಂಗೀತಗಾರ, ಬಳಿಕ ಎರಡನೆಯ ಭಾಗವತ, ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತ ಎಂಬ ಹಳೆಯ ಕ್ರಮದಲ್ಲಿಯೂ ಹಾಡುವವರು ಬದಲಾಗುತ್ತಿದ್ದರು. ಆದರೆ ಅವರೆಲ್ಲ ಒಂದೇ ಮೇಳದವರು, ಒಂದೇ ನಡೆಯವರು.

ಅಮೆರಿಕದಲ್ಲಿಯೂ ಅತಿಥಿಗಳ ಜಾತ್ರೆಯಾದ ಪ್ರಸಂಗವುಂಟು. ‘ದಿ ಬ್ಯಾಂಡ್’ ಎಂಬ ಹೆಸರಿನ ತಂಡ 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ವಿದಾಯದ ಕಛೇರಿ ನಡೆಸಿತು. ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ನೀಲ್ ಯಂಗ್, ಜೋನಿ ಮಿಚೆಲ್, ವ್ಯಾನ್ ಮಾರಿಸನ್ ಮುಂತಾದ ದೊಡ್ಡ ದಂಡೇ ಅತಿಥಿಗಳಾಗಿ ಬಂತು. 1978ರಲ್ಲಿ ಅದು ‘ದಿ ಲಾಸ್ಟ್ ವಾಲ್ಟ್ಜ್’ ಎಂಬ ಹೆಸರಿನಲ್ಲಿ ಮೂರು ತಟ್ಟೆಗಳ ಸಂಕಲನವಾಗಿಯೂ, ಮಾರ್ಟಿನ್ ಸ್ಕೋರ್ಸೆಸಿಯವರ ಚಲನಚಿತ್ರವಾಗಿಯೂ ಬಂತು. ಇಷ್ಟು ಅತಿಥಿಗಳ ನಡುವೆ ಸಮಯ ಸಾಲದೆಂದು ಮಡ್ಡಿ ವಾಟರ್ಸ್ ಅವರನ್ನೇ ಕೈಬಿಡುವ ಮಾತು ಬಂದಿತ್ತೆಂದು ತಂಡದ ಡ್ರಮ್ ವಾದಕ ಲೆವನ್ ಹೆಲ್ಮ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೆಲ್ಮ್ ಹಠ ಹಿಡಿದದ್ದರಿಂದ ವಾಟರ್ಸ್ ಹಾಡಿದರು. ಅಂದಿನ ಆ ಹಾಡು ಇಡೀ ಚಿತ್ರದ ಶ್ರೇಷ್ಠ ಘಳಿಗೆಗಳಲ್ಲಿ ಒಂದೆಂದು ಹೆಸರಾಯಿತು. ಹೊಸ ಹೆಸರುಗಳ ಭರದಲ್ಲಿ ಮೂಲಪುರುಷನನ್ನೇ ಪಟ್ಟಿಯಿಂದ ತೆಗೆಯಲು ಹೊರಟದ್ದು ಅಮೆರಿಕದಲ್ಲಿ ಮಾತ್ರ ನಡೆಯುವ ಸಂಗತಿಯೇನಲ್ಲ.

ಕೋಟದವರ ಸ್ಯಾಕ್ಸೊಫೋನ್

ಅತಿಥಿ ಕಲಾವಿದನಂತೆ ಅತಿಥಿ ವಾದ್ಯವೂ ಉಂಟು. ಕುಂಭಾಶಿಯಿಂದ ತುಸುವೇ ದಕ್ಷಿಣದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯ ಪ್ರಯೋಗಗಳಲ್ಲಿ ಪಿಟೀಲು ಮತ್ತು ಸ್ಯಾಕ್ಸೊಫೋನುಗಳನ್ನು ತಂದರು. ಮಾತನ್ನು ಬಹುಪಾಲು ಕೈಬಿಟ್ಟು, ಹಾಡು ಮತ್ತು ಕುಣಿತದಿಂದಲೇ ಕಥೆ ಸಾಗಿಸುವುದು ಅವರ ಉದ್ದೇಶ. ಭಾಗವತರ ಹಾಡು ನಿಂತಲ್ಲಿ ರಾಗದ ಎಳೆಯನ್ನು ಕಾಪಾಡಲು ದೀರ್ಘವಾಗಿ ನಾದ ಹಿಡಿಯಬಲ್ಲ ವಾದ್ಯ ಬೇಕಾಯಿತು. ಸಂಪ್ರದಾಯಸ್ಥರು ಒಪ್ಪಲಿಲ್ಲ. ಯಕ್ಷಗಾನದಲ್ಲಿ ಪಾಶ್ಚಾತ್ಯ ವಾದ್ಯವೇ ಎಂದರು.

ಇಲ್ಲಿ ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಸ್ಯಾಕ್ಸೊಫೋನ್ ಎಂಬುದು ಕರಾವಳಿಗೆ ಅನ್ಯವಲ್ಲ. ಬಂಟ್ವಾಳದ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಯವರೆಗೆ ಕೊಂಡೊಯ್ದರು. ಆದರೆ ಅವರು ಮಾಡಿದ್ದು ವಾದ್ಯವನ್ನು ರಾಗಕ್ಕೆ ಬಗ್ಗಿಸುವ ಕೆಲಸ. ಕೀಲಿಗಳನ್ನು ಮಾರ್ಪಡಿಸಿಕೊಂಡು, ಗಮಕ ಬರುವಂತೆ ವರ್ಷಗಟ್ಟಲೆ ದುಡಿದರು. ಕಾರಂತರ ಪ್ರಯೋಗವನ್ನೂ ಇದೇ ಅಳತೆಯಿಂದ ನೋಡುವುದು ನ್ಯಾಯ. ಕೇಳಬೇಕಾದ ಪ್ರಶ್ನೆ ವಾದ್ಯ ಎಲ್ಲಿಯದು ಎಂಬುದಲ್ಲ. ಅದು ಈ ಮನೆಯ ಮಾತನ್ನು ಆಡುತ್ತದೆಯೇ ಎಂಬುದು. ಟಾಮ್ ಡೌಡ್ ಗಾಳಿವಾದ್ಯಗಳನ್ನು ಹೊರಗಿಟ್ಟದ್ದು ಅವು ಪರದೇಶದವೆಂದಲ್ಲ, ಶ್ರುತಿ ಕೂಡಲಿಲ್ಲವೆಂದು.

ಸುರುಳಿಯಲ್ಲಿ ಉಳಿದ ನಾವಡರು

ಡುಆನ್ ಆಲ್ಮನ್ ತಮ್ಮ ಸಂಕಲನ ಹೊರಬಂದ ನಾಲ್ಕು ತಿಂಗಳೊಳಗೆ, 1971ರ ಅಕ್ಟೋಬರ್ 29ರಂದು, ಬೈಕ್ ಅಪಘಾತದಲ್ಲಿ ತೀರಿಕೊಂಡರು. ಪ್ರಾಯ 24. ಆ ಮಾರ್ಚ್ ತಿಂಗಳ ಮುದ್ರಣ ಇಲ್ಲದಿರುತ್ತಿದ್ದರೆ, ಸಭೆಯ ಎದುರು ಅವರ ಕೈ ಹೇಗೆ ಹರಿಯುತ್ತಿತ್ತು ಎಂಬುದು ಕೇಳಿದವರ ನೆನಪಿನಲ್ಲಷ್ಟೇ ಇರುತ್ತಿತ್ತು. 2004ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯ ಆ ಸಂಕಲನವನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಈ ಕಥೆ ಕೇಳುವಾಗ ಇಲ್ಲಿನವರ ಮನಸ್ಸಿಗೆ ಬರುವ ಹೆಸರು ಒಂದೇ. ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿ, ಮಾರ್ವಿ ನಾರ್ಣಪ್ಪ ಉಪ್ಪೂರರಂಥ ಗುರುವಿನ ಬಳಿ ಪಳಗಿ, ಸಾಲಿಗ್ರಾಮ ಮೇಳದ ಭಾಗವತರಾಗಿ ಮನೆಮಾತಾದವರು. ‘ನಾಗಶ್ರೀ’ಯಂಥ ಪ್ರಸಂಗವನ್ನು ತಾವೇ ಬರೆದವರು. ಹಳೆಯ ಮಟ್ಟುಗಳ ಜೊತೆಗೆ ಹೊಸ ರಾಗಗಳನ್ನು ರಂಗಕ್ಕೆ ತಂದವರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ತುಂಬಿರಲಿಲ್ಲ.

ನಾವಡರ ಕಾಲವೂ ಕ್ಯಾಸೆಟ್ಟಿನ ಕಾಲವೂ ಒಂದೇ ಆದದ್ದು ನಮ್ಮ ಭಾಗ್ಯ. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಈ ಪುಟ್ಟ ಸುರುಳಿ ಭಾರತದ ಮನೆಮನೆಗೆ ತಲುಪಿದ್ದು 1980ರ ದಶಕದಲ್ಲಿ. ಗ್ರಾಮಫೋನ್ ತಟ್ಟೆ ಮಾಡಲು ಕಾರ್ಖಾನೆ ಬೇಕು. ಕ್ಯಾಸೆಟ್ಟಿಗೆ ಒಂದು ಟೇಪ್ ರೆಕಾರ್ಡರ್ ಸಾಕು. ಅಭಿಮಾನಿಗಳು ಅದನ್ನು ಹೊತ್ತುಕೊಂಡು ಆಟಕ್ಕೆ ಹೋದರು. ಧ್ವನಿವರ್ಧಕದ ಬಳಿ ಇಟ್ಟು ಗುಂಡಿ ಒತ್ತಿದರು. ತೊಂಬತ್ತು ನಿಮಿಷದ ಸುರುಳಿಯಲ್ಲಿ ಒಂದು ಮಗ್ಗುಲಿಗೆ 45 ನಿಮಿಷ. ಎಂಟು ಗಂಟೆಯ ಆಟಕ್ಕೆ ಆರು ಸುರುಳಿ ಬೇಕು. ಮಗ್ಗುಲು ತಿರುಗಿಸುವಾಗ ಒಂದು ಪದ್ಯದ ತುದಿ ಹೋಯಿತು, ಸುರುಳಿ ಬದಲಿಸುವಾಗ ಒಂದು ಮಾತು ಹೋಯಿತು. ಹಾಗಿದ್ದರೂ ಅದರಲ್ಲಿ ರಾತ್ರಿ ಇದೆ. ಪದ್ಯ ಏರಿದಾಗ ಜನ ಹಾಕುವ ಕೇಕೆ, ಹಾಸ್ಯಗಾರನ ಮಾತಿಗೆ ಎದ್ದ ನಗೆ, ಮಗುವಿನ ಅಳು ಎಲ್ಲವೂ ಇವೆ.

ಹೀಗೆ ಉಳಿದದ್ದರಿಂದ ಇನ್ನೊಂದು ಪರಿಣಾಮವಾಯಿತು. ನಾವಡರನ್ನು ಕಣ್ಣಾರೆ ಕಾಣದ ಹುಡುಗರು ಸುರುಳಿ ಕೇಳಿ ಭಾಗವತಿಕೆ ಕಲಿತರು. ಬ್ರಿಟನ್ನಿನ ಹುಡುಗರು ಮಡ್ಡಿ ವಾಟರ್ಸ್ ಅವರ ತಟ್ಟೆ ಕೇಳಿ ಕಲಿತಂತೆಯೇ ಇದು. ಲಾಭವೇನೋ ಹೌದು. ಆದರೆ ಸುರುಳಿ ಗುರುವಲ್ಲ. ಸುರುಳಿ ಹಾಡನ್ನು ಕೊಡುತ್ತದೆ, ಆ ಹಾಡು ಅಂದು ಹಾಗೇಕೆ ಬಂತೆಂದು ಹೇಳುವುದಿಲ್ಲ. ಅಂದು ಎದುರಿಗೆ ಕುಣಿಯುತ್ತಿದ್ದ ವೇಷಧಾರಿಯ ಉಸಿರು ನೋಡಿ ಭಾಗವತರು ಆಲಾಪನೆಯನ್ನು ಎಳೆದಿರಬಹುದು. ಕೇಳಿ ಕಲಿತವನು ಕುಣಿಯುವವನು ಯಾರೇ ಇರಲಿ, ಅಷ್ಟೇ ಎಳೆಯುತ್ತಾನೆ. ನಾವಡರ ಕಂಠವನ್ನು ಅನುಕರಿಸುವುದು ಸುಲಭ. ಅವರು ರಂಗವನ್ನು ನೋಡುತ್ತಿದ್ದ ಕಣ್ಣನ್ನು ಅನುಕರಿಸುವುದು ಕಷ್ಟ. ಅದಕ್ಕೆ ಮೇಳವೇ ಬೇಕು, ಹಿಮ್ಮೇಳದಲ್ಲಿ ಕೂತು ಕಲಿಸುವ ಹಿರಿಯರೇ ಬೇಕು.

ಕತ್ತರಿ ಮತ್ತು ತೇಪೆ

ಕಛೇರಿಯ ಮುದ್ರಣವೆಂದರೆ ನಡೆದದ್ದು ನಡೆದಂತೆ ಎಂದು ಎಣಿಸುವುದು ಸರಿಯಲ್ಲ. ಫಿಲ್ಮೋರಿನ ಸಂಕಲನದಲ್ಲಿಯೂ ಕತ್ತರಿ ಆಡಿದೆ. ಡುಸೆಟ್ ಅವರ ಮೌತ್‌ಆರ್ಗನ್ನಿನ ಕೆಲವು ಭಾಗ ಮೊದಲ ಆವೃತ್ತಿಯಲ್ಲಿ ಇಲ್ಲ. ‘ದಿ ಲಾಸ್ಟ್ ವಾಲ್ಟ್ಜ್’ನಲ್ಲಿ ಕತ್ತರಿಯ ಜೊತೆಗೆ ತೇಪೆಯೂ ಇದೆ. ಕಛೇರಿ ಮುಗಿದ ಮೇಲೆ ಸ್ಟುಡಿಯೋದಲ್ಲಿ ಎಷ್ಟೋ ಭಾಗಗಳನ್ನು ಮತ್ತೆ ನುಡಿಸಿ ಸೇರಿಸಿದ್ದಾರೆ. ಕೇಳುವವರಿಗೆ ತಿಳಿಯದು.

ನಮ್ಮಲ್ಲಿ ಆದದ್ದು ಬೇರೆ ಬಗೆಯ ಕತ್ತರಿ. ಅಂಗಡಿಗೆ ಬಂದ ಯಕ್ಷಗಾನದ ಕ್ಯಾಸೆಟ್ಟುಗಳಲ್ಲಿ ರಾತ್ರಿಯಿಡೀ ನಡೆಯುವ ಪ್ರಸಂಗ ಒಂದು ಗಂಟೆಗೆ ಇಳಿಯಿತು. ಮುಂದೆ ಬಂದ ಯೂಟ್ಯೂಬಿನ ಕಾಲದಲ್ಲಿ ಅದು ಐದು ನಿಮಿಷದ ಒಂದು ಪದ್ಯಕ್ಕೆ ಬಂತು. ಆಯ್ದು ಕೇಳುವುದು ತಪ್ಪಲ್ಲ. ಆದರೆ ಆಯ್ಕೆ ಯಾವಾಗಲೂ ಏರುಪದ್ಯಗಳದ್ದೇ ಆದರೆ, ಇಳಿಗಾಲದ ನಿಧಾನದ ಪದ್ಯಗಳಿಗೆ ಕೇಳುಗರೇ ಇಲ್ಲವಾಗುತ್ತಾರೆ. ಸಭಾಲಕ್ಷಣ, ಒಡ್ಡೋಲಗಗಳ ಕಥೆ ಹೇಳುವುದೇ ಬೇಡ.

ನಿಧಾನವನ್ನು ಕೇಳುವ ಕಿವಿಯೂ ತಯಾರಾಗಬೇಕು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ಜಾರ್ಜ್ ಹ್ಯಾರಿಸನ್ ಮತ್ತು ಪಂಡಿತ್ ರವಿಶಂಕರ್ ನಡೆಸಿದ ಕಛೇರಿಯಲ್ಲಿ, ಸಿತಾರ್ ಮತ್ತು ಸರೋದಿನ ಶ್ರುತಿ ಮಾಡಿಕೊಂಡದ್ದಕ್ಕೇ ಸಭಿಕರು ಚಪ್ಪಾಳೆ ತಟ್ಟಿದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ವಾದನ ಇನ್ನೂ ಹಿಡಿಸೀತು ಎಂಬರ್ಥದಲ್ಲಿ ರವಿಶಂಕರ್ ನಗುತ್ತ ಹೇಳಿದ್ದು ಆ ಸಂಕಲನದಲ್ಲೇ ಇದೆ. ಆ ಸಭಿಕರನ್ನು ಕಂಡು ನಗುವುದು ಸುಲಭ. ಅವರು ಕೂತು ಕೇಳಿದರು ಎಂಬುದನ್ನು ಮರೆಯುವಂತಿಲ್ಲ.

ಹೆಸರು ಯಾರದು, ಹಕ್ಕು ಯಾರದು

ಅದೇ ಬಾಂಗ್ಲಾ ಕಛೇರಿಯ ಇನ್ನೊಂದು ಮುಖವೂ ಉಂಟು. ಸಂಕಲನದಿಂದ ಬಂದ ಹಣ ತೆರಿಗೆಯ ತಕರಾರಿನಿಂದಾಗಿ ಅಮೆರಿಕದಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಮೊದಲೇ ಕಾಗದಪತ್ರ ಸರಿಮಾಡಿಕೊಳ್ಳದ್ದೇ ಕಾರಣ. ಒಳ್ಳೆಯ ಉದ್ದೇಶವಿದ್ದರೆ ಸಾಲದು, ಲೆಕ್ಕವೂ ಸರಿಯಿರಬೇಕು.

ನಮ್ಮ ಆಟದ ಮುದ್ರಣಗಳ ಲೆಕ್ಕ ಹೇಗಿದೆ? ಮನೆಯ ಕಪಾಟಿನಲ್ಲಿರುವ ಹಳೆಯ ಸುರುಳಿಯ ಮೇಲೆ ಸಾಮಾನ್ಯವಾಗಿ ಎರಡೇ ಮಾತು ಇರುತ್ತವೆ: ಪ್ರಸಂಗದ ಹೆಸರು, ಭಾಗವತರ ಹೆಸರು. ಮದ್ದಳೆ ಯಾರದು? ಚೆಂಡೆ ಯಾರದು? ಊರು ಯಾವುದು, ದಿನ ಯಾವುದು? ಅತಿಥಿಯಾಗಿ ಬಂದವರು ಯಾರು? ಫಿಲ್ಮೋರಿನಲ್ಲಿ ಕೆಲವೇ ಹಾಡಿಗೆ ಮೌತ್‌ಆರ್ಗನ್ ಊದಿದವರ ಹೆಸರು ಐವತ್ತು ವರ್ಷಗಳ ಬಳಿಕವೂ ಸಿಗುತ್ತದೆ. ನಮ್ಮಲ್ಲಿ ರಾತ್ರಿಯಿಡೀ ಮದ್ದಳೆ ನುಡಿಸಿದವರ ಹೆಸರು ಸುರುಳಿಯ ಮೇಲೆ ಇಲ್ಲ.

ಕಾನೂನು ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿ ಪ್ರದರ್ಶಕ ಕಲಾವಿದರ ಹಕ್ಕನ್ನು ಗುರುತಿಸಿತು. ಹಾಡುವವ, ನುಡಿಸುವವ, ಕುಣಿಯುವವ ಎಲ್ಲರೂ ಅದರಲ್ಲಿ ಸೇರುತ್ತಾರೆ. ಆ ಹಕ್ಕಿನ ಅವಧಿ ಈಗ 50 ವರ್ಷ. 2012ರ ತಿದ್ದುಪಡಿ, ಮುದ್ರಣದಿಂದ ವ್ಯಾಪಾರವಾದಲ್ಲಿ ಅದರ ಗೌರವಧನದಲ್ಲಿ ಕಲಾವಿದನಿಗೆ ಪಾಲುಂಟು ಎಂದಿತು. ಇದು ಕೇವಲ ಪುಸ್ತಕದ ಮಾತೆಂದು ತಳ್ಳಿಹಾಕಬಾರದು. ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಪ್ರಶ್ನೆ ಉಡುಪಿಯ ನ್ಯಾಯಾಲಯದಲ್ಲಿ ಆರಂಭವಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿ 2009ರಲ್ಲಿ ತೀರ್ಮಾನವಾಯಿತು. ಯಕ್ಷಗಾನಕ್ಕೂ ಹಕ್ಕುಪತ್ರಕ್ಕೂ ಸಂಬಂಧವಿಲ್ಲವೆಂದು ಇನ್ನು ಹೇಳುವಂತಿಲ್ಲ. ಮೊಬೈಲು ಹಿಡಿದು ಆಟವನ್ನು ನೇರ ಪ್ರಸಾರ ಮಾಡಿ ಹಣ ಗಳಿಸುವವರು ಒಂದು ಬಾರಿಯಾದರೂ ಚೌಕಿಗೆ ಹೋಗಿ ಕಲಾವಿದರ ಒಪ್ಪಿಗೆ ಕೇಳಬೇಕಾದದ್ದು ಸೌಜನ್ಯವಷ್ಟೇ ಅಲ್ಲ, ಕಾನೂನಿನ ದೃಷ್ಟಿಯಿಂದಲೂ ಅಗತ್ಯ.

ಮಾಡಬಹುದಾದ ಕೆಲಸ

ಇಡೀ ರಾತ್ರಿಯ ಆಟ ದಿನದಿಂದ ದಿನಕ್ಕೆ ವಿರಳವಾಗುತ್ತಿದೆ. ಕೆಲವು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಹೊರಳಿವೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಮಿತಿ ಹಾಕಿವೆ. ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೂ ಪೂರ್ತಿ ರಾತ್ರಿ ಕೂರುವ ಅನುಕೂಲವಿಲ್ಲ. ಇದನ್ನು ಬರೀ ಹಳಹಳಿಕೆಯಿಂದ ಎದುರಿಸಲಾಗದು. ಆದರೆ ಹಳೆಯ ಸುರುಳಿಗಳ ಬೆಲೆ ಇದರಿಂದ ಹೆಚ್ಚಿದೆ ಎಂಬುದನ್ನಂತೂ ಒಪ್ಪಬೇಕು. ಪೂರ್ವರಂಗದಿಂದ ಮಂಗಳದವರೆಗೆ ಒಂದು ರಾತ್ರಿ ಹೇಗೆ ಏರುತ್ತಿತ್ತು ಎಂಬುದಕ್ಕೆ ಮುಂದಿನವರಿಗೆ ಇರುವ ಸಾಕ್ಷಿ ಅದೊಂದೇ.

ಆ ಸಾಕ್ಷಿ ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿದೆ. ಟೇಪಿನ ಮೇಲಿನ ಕಾಂತೀಯ ಲೇಪ ಕಾಲಕ್ರಮದಲ್ಲಿ ಉದುರುತ್ತದೆ. ನುಡಿಸುವ ಯಂತ್ರಗಳೂ ಸಿಗದಂತಾಗುತ್ತಿವೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರ ದೂರದೃಷ್ಟಿಯಿಂದ ಜನಪದ ರಂಗಕಲೆಗಳ ದಾಖಲಾತಿಯ ಕೆಲಸ ಬಹಳ ಹಿಂದೆಯೇ ಆರಂಭವಾಯಿತು. ಅಮೆರಿಕದ ಮಾರ್ತಾ ಆಷ್ಟನ್ ಇಲ್ಲಿಗೆ ಬಂದು, ಏರು ಮದ್ದಳೆಗೆ ಹೆಸರಾದ ಹಿರಿಯಡಕ ಗೋಪಾಲ ರಾಯರಂಥವರ ಬಳಿ ಕಲಿತು, ಬಡಗುತಿಟ್ಟಿನ ಬಗ್ಗೆ ಪುಸ್ತಕ ಬರೆದರು. ನೂರು ದಾಟಿ ಬಾಳಿದ ಗೋಪಾಲ ರಾಯರು 2020ರಲ್ಲಿ ತೀರಿಕೊಂಡರು. ಹಳೆಯ ಸುರುಳಿಯೊಂದನ್ನು ಕೇಳಿ ‘ಇದು ಇಂಥವರ ಮದ್ದಳೆ’ ಎಂದು ಪೆಟ್ಟಿನಿಂದಲೇ ಗುರುತಿಸಬಲ್ಲ ಹಿರಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸುರುಳಿ ಹಾಳಾಗುವುದಕ್ಕಿಂತ ಮೊದಲು ಆ ಕಿವಿಗಳೇ ಇಲ್ಲವಾಗುವ ಭಯವಿದೆ.

ಆದ್ದರಿಂದ ಕೆಲಸವನ್ನು ದೊಡ್ಡ ಸಂಸ್ಥೆಗಳಿಗೆ ಮಾತ್ರ ಬಿಟ್ಟು ಕೂರುವಂತಿಲ್ಲ. ಕುಂಭಾಶಿ, ತೆಕ್ಕಟ್ಟೆ, ಕೋಟ, ಕೋಟೇಶ್ವರ ಹೀಗೆ ಊರೂರಿನಲ್ಲಿ ಹಳೆಯ ಸುರುಳಿ ಇಟ್ಟುಕೊಂಡವರಿದ್ದಾರೆ. ಒಂದು ಭಾನುವಾರ ಅವನ್ನು ಹೊರತೆಗೆಯಬಹುದು. ಊರಿನ ಒಬ್ಬ ಹಿರಿಯ ಕಲಾವಿದರನ್ನು ಕರೆದು, ಒಟ್ಟಿಗೆ ಕೂತು ಕೇಳಿ, ಭಾಗವತರು ಯಾರು, ಮದ್ದಳೆ ಯಾರು, ಚೆಂಡೆ ಯಾರು, ಎಲ್ಲಿಯ ಆಟ, ಅಂದು ಅತಿಥಿ ಯಾರು ಎಂದು ಒಂದು ಹಾಳೆಯಲ್ಲಿ ಬರೆದಿಡಬಹುದು. ಸುರುಳಿಯನ್ನು ಕಂಪ್ಯೂಟರಿಗೆ ಇಳಿಸುವುದು ಆಮೇಲಿನ ಮಾತು. ಅದನ್ನು ಮಾಡಿಕೊಡುವ ಹುಡುಗರು ಎಲ್ಲ ಊರಿನಲ್ಲಿಯೂ ಇದ್ದಾರೆ. ಹೆಸರು ಗುರುತಿಸಿ ಹೇಳುವವರು ಮಾತ್ರ ಎಲ್ಲ ಊರಿನಲ್ಲಿಯೂ ಇಲ್ಲ. ಮೊದಲು ಅವರ ಮನೆಗೆ ಹೋಗಬೇಕು.